ಕುರಿಯೂ ಇರುವೆಯೂ ಕಾಯುವ ಬಯಲು

ಶ್ರೋತೃಗಳಿಗೆ ನಮಸ್ಕಾರ.

ನೆದರ್ಲೆಂಡ್ಸ್ ದೇಶದ ಈಶಾನ್ಯಕ್ಕಿರುವ ಡ್ರೆಂಥೆ ಪ್ರಾಂತ್ಯದಲ್ಲಿ ಡ್ವಿಂಗೆಲ್ಡರ್‌ವೆಲ್ಡ್ ಎಂಬ ವಿಶಾಲ ಬಯಲಿದೆ. 1991ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಇದರ ವಿಸ್ತಾರ ಸುಮಾರು 3,700 ಹೆಕ್ಟೇರ್. ಮರಳಿನ ಕೆಳಗೆ ಹಿಮಯುಗದ ಜಿಗುಟು ಮಣ್ಣಿನ ಪದರವಿರುವುದರಿಂದ ಮಳೆಯ ನೀರು ಇಂಗದೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಹೀದರ್ ಪೊದೆಗಳ ನಡುವೆ ಹುಲ್ಲುಗಾವಲು, ಜೌಗು, ಕಪ್ಪುನೀರಿನ ಕೊಳಗಳು ಒಂದರೊಳಗೊಂದು ಬೆರೆತಿವೆ. ಆಗಸ್ಟ್ ತಿಂಗಳಲ್ಲಿ ಹೀದರ್ ಅರಳಿದಾಗ ಕಣ್ಣು ಹಾಯಿಸಿದಷ್ಟೂ ನೇರಳೆ ಬಣ್ಣ.

ನೋಡಿದರೆ ಮನುಷ್ಯರ ಕೈ ಸೋಕದ ನೆಲವೆನಿಸುವ ಈ ಬಯಲನ್ನು ಸೃಷ್ಟಿಸಿದವರು ರೈತರು. ಬಡ ಮರಳುನೆಲದಲ್ಲಿ ಬೆಳೆ ತೆಗೆಯಲು ಅವರು ಶತಮಾನಗಳ ಕಾಲ ಕುರಿಗಳನ್ನು ಇಲ್ಲಿ ಮೇಯಿಸಿದರು. ಹೀದರ್ ಹೆಂಟೆಗಳನ್ನು ಬೇರುಸಹಿತ ಕೆತ್ತಿ ತಂದು, ಕುರಿದೊಡ್ಡಿಯಲ್ಲಿ ಹಾಸಿ, ಗೊಬ್ಬರವಾದ ಮೇಲೆ ಹೊಲಕ್ಕೆ ಹರಡಿದರು. ಕುರಿಗೊಬ್ಬರ ಹಾಕಿ ಬೇಸಾಯ ಮಾಡುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಸಾಯನಿಕ ಗೊಬ್ಬರ ಬಂದದ್ದೇ ತಡ, ಇಂಥ ಬಯಲುಗಳು ನಿರುಪಯುಕ್ತವೆನಿಸಿ, ಬಹುಪಾಲು ಹೊಲಗಳಾದವು, ಇಲ್ಲವೇ ಪೈನ್ ತೋಪುಗಳಾದವು.

ಉಳಿದದ್ದಕ್ಕೆ ಇಂದು ದೊಡ್ಡ ಶತ್ರು ಸಾರಜನಕ. ಪಶುಪಾಲನಾ ಕೇಂದ್ರಗಳಿಂದೇಳುವ, ಸಾರಜನಕವುಳ್ಳ ಅಮೋನಿಯ ಅನಿಲ ಗಾಳಿಯೊಡನೆ ಬಂದು ನೆಲಕ್ಕಿಳಿದು, ಬಡತನದಲ್ಲೇ ಬಾಳುವ ಹೀದರ್ ಅನ್ನು ಒರಟು ಹುಲ್ಲು ನುಂಗುವಂತೆ ಮಾಡುತ್ತದೆ. ಉದ್ಯಾನದ ನಡುವೆಯೇ ಇದ್ದ ನೋರ್ಡನ್‌ವೆಲ್ಡ್ ಎಂಬ ಕೃಷಿಭೂಮಿಯ ಫಲವತ್ತಾದ ಮೇಲ್ಮಣ್ಣನ್ನು 2010ರ ದಶಕದಲ್ಲಿ ಹೆರೆದು ತೆಗೆದು, ಆ ಮಣ್ಣಿನಿಂದಲೇ ಪಕ್ಕದ ಹೆದ್ದಾರಿಯ ಸದ್ದು ತಡೆಯುವ ದಿಬ್ಬ ಕಟ್ಟಿದರು. ಮಣ್ಣನ್ನು ಬಡವಾಗಿಸಲು ಇಷ್ಟು ಶ್ರಮಪಟ್ಟದ್ದು ನನ್ನಲ್ಲಿ ನಿಜವಾದ ಗೌರವ ಹುಟ್ಟಿಸಿದೆ.

ಒದ್ದೆ ಹೀದರ್ ನಡುವೆ ಕಡುನೀಲಿ ಹೂವಿನ ಜೆನ್ಷಿಯನ್ ಗಿಡವಿದೆ. ಆಲ್ಕನ್ ನೀಲಿ ಚಿಟ್ಟೆ ಅದರ ಮೊಗ್ಗಿನ ಮೇಲೆ, ಸುಣ್ಣದ ಚುಕ್ಕೆಯಿಟ್ಟಂತೆ, ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಹುಳು ಕೆಲವು ವಾರ ಹೂವನ್ನೊಳಗಿನಿಂದ ತಿಂದು ನೆಲಕ್ಕೆ ಬೀಳುತ್ತದೆ. ಅದರ ವಾಸನೆ ತಮ್ಮ ಮರಿಗಳಂತೆಯೇ ಇರುವುದರಿಂದ ಕೆಂಪಿರುವೆಗಳು ಅದನ್ನು ಗೂಡಿಗೊಯ್ದು, ಚಳಿಗಾಲವಿಡೀ ತುತ್ತುಣಿಸಿ ಸಾಕುತ್ತವೆ. ಜೆನ್ಷಿಯನ್ ಬೀಜ ಮೊಳೆಯಲು ಬರಿನೆಲ ಬೇಕು. ಅದಕ್ಕಾಗಿ ಇಡೀ ಬಯಲನ್ನು ಒಮ್ಮೆಗೇ ಕೆತ್ತಿದರೆ ಇರುವೆಗೂಡುಗಳು ಹಾಳಾಗಿ ಚಿಟ್ಟೆಯೂ ಇಲ್ಲವಾಗುತ್ತದೆ. ಆದ್ದರಿಂದಲೇ ಇಂಥ ನೆಲದಲ್ಲಿ ಮಣ್ಣನ್ನು ಅಲ್ಲಲ್ಲಿ ಸಣ್ಣ ತುಣುಕುಗಳಾಗಿ ಮಾತ್ರ ಹೆರೆಯಬೇಕು, ಉಳಿದೆಡೆ ಮೇಯುವ ಕೆಲಸವನ್ನು ಕುರುಬನ ಹಿಂದೆ ಸಾಗುವ ಡ್ರೆಂಥೆಯ ಕುರಿಮಂದೆಗೇ ಬಿಡಬೇಕು.