ಸೂತ್ರದೊಳಗಿನ ಆ ನಾಲ್ಕು ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹತ್ತನೇ ಕ್ಲಾಸಿನ ಮಕ್ಕಳಿಗೆ ವರ್ಗಸಮೀಕರಣದ ಸೂತ್ರ ಬಾಯಿಪಾಠ ಇದ್ದೇ ಇರುತ್ತದೆ. ಆದರೆ ವರ್ಗಮೂಲದ ಒಳಗೆ ‘ನಾಲ್ಕು ಎ ಸಿ’ ಅಂತ ಬರುತ್ತದಲ್ಲ, ಆ ನಾಲ್ಕು ಎಲ್ಲಿಂದ ಬಂತು? ಇವತ್ತು ಅದನ್ನು ಹುಡುಕೋಣ.

ವಿಜಯಪುರದಲ್ಲಿ ನಿಂತು ಬೀಜಗಣಿತ ಮಾತಾಡುವಾಗ ಭಾಸ್ಕರಾಚಾರ್ಯರನ್ನು ಬಿಡುವುದು ಹೇಗೆ? ಅವರ ಊರು ವಿಜ್ಜಡವಿಡ. ಅದು ನಮ್ಮ ಊರೇ ಅಂತ ಕೆಲವರು, ಮಹಾರಾಷ್ಟ್ರದ ಚಾಳೀಸಗಾಂವ ಹತ್ತಿರದ್ದು ಅಂತ ಇನ್ನು ಕೆಲವರು. ಆ ವಾದ ಇವತ್ತು ಬೇಡ. 1150ರಲ್ಲಿ ಅವರು ಬರೆದ ‘ಸಿದ್ಧಾಂತ ಶಿರೋಮಣಿ’ಯ ಬೀಜಗಣಿತ ಭಾಗದಲ್ಲಿ ಮಂಗಗಳ ಲೆಕ್ಕ ಒಂದಿದೆ. ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಮಂಗಗಳು ಕಾಡಿನಲ್ಲಿ ಆಡುತ್ತಿವೆ. ಉಳಿದ 12 ಗುಡ್ಡದ ಮೇಲಿವೆ. ಒಟ್ಟು ಎಷ್ಟು?

ಒಟ್ಟು ಮಂಗಗಳನ್ನು ಎಕ್ಸ್ ಅಂದುಕೊಂಡು ಬಿಡಿಸಿ ಬರೆದರೆ, ಎಕ್ಸ್ ವರ್ಗದಿಂದ 64 ಎಕ್ಸ್ ಕಳೆದರೆ ಮೈನಸ್ 768. ಎಡಗಡೆ ಇನ್ನೂ ಪೂರ್ಣ ವರ್ಗ ಆಗಿಲ್ಲ. 64ರ ಅರ್ಧ 32. ಅದರ ವರ್ಗ 1024 ಎರಡೂ ಕಡೆ ಕೂಡಿಸಿ. ಈಗ ‘ಎಕ್ಸ್ ಮೈನಸ್ 32’ರ ವರ್ಗ 256 ಆಯಿತು. ಅಂದರೆ ಎಕ್ಸ್ ಮೈನಸ್ 32 ಅಂದರೆ 16 ಅಥವಾ ಮೈನಸ್ 16. ಹಿಂಡು 48 ಇರಬಹುದು, 16 ಇರಬಹುದು. ಭಾಸ್ಕರಾಚಾರ್ಯರು ಎರಡನ್ನೂ ಒಪ್ಪಿದರು.

ಇಲ್ಲಿ ಸುಲಭವಾಯಿತು, ಯಾಕೆಂದರೆ ಎಕ್ಸ್ ವರ್ಗದ ಸಹಗುಣಕ, ಅಂದರೆ ಅದರ ಜೊತೆ ಗುಣಿಸಿರುವ ಸಂಖ್ಯೆ, 1, ಮತ್ತು 64 ಸಮಸಂಖ್ಯೆ. ಎರಡು ಎಕ್ಸ್ ವರ್ಗ ಪ್ಲಸ್ ಏಳು ಎಕ್ಸ್ ಅಂದರೆ 15 ಅಂತ ಕೊಟ್ಟರೆ? ಪುಸ್ತಕದಂತೆ ಎರಡರಿಂದ ಭಾಗಿಸಿದರೆ ಭಿನ್ನರಾಶಿಯ ಮೇಲೆ ಭಿನ್ನರಾಶಿ. ಮಕ್ಕಳು ತಪ್ಪುವುದೇ ಅಲ್ಲಿ.

ಭಾಸ್ಕರಾಚಾರ್ಯರಿಗಿಂತ ಮೊದಲಿನ ಗಣಿತಜ್ಞ ಶ್ರೀಧರಾಚಾರ್ಯರು ಇದಕ್ಕೊಂದು ದಾರಿ ಹೇಳಿದ್ದರು. ಅವರ ಬೀಜಗಣಿತ ಪುಸ್ತಕ ಉಳಿದಿಲ್ಲ. ಆ ನಿಯಮವನ್ನು ಭಾಸ್ಕರಾಚಾರ್ಯರು ಉದ್ಧರಿಸಿದ್ದರಿಂದ ನಮಗೆ ಸಿಕ್ಕಿದೆ. ಭಾಗಿಸಬೇಡಿ, ಗುಣಿಸಿ. ಎಷ್ಟರಿಂದ? ಎಕ್ಸ್ ವರ್ಗದ ಸಹಗುಣಕದ ನಾಲ್ಕು ಪಟ್ಟಿನಿಂದ. ಇಲ್ಲಿ ಎಂಟರಿಂದ. 16 ಎಕ್ಸ್ ವರ್ಗ ಪ್ಲಸ್ 56 ಎಕ್ಸ್ ಅಂದರೆ 120. ಈಗ ಮೊದಲಿನ ಏಳರ ವರ್ಗ 49 ಎರಡೂ ಕಡೆ ಕೂಡಿಸಿ. ‘ನಾಲ್ಕು ಎಕ್ಸ್ ಪ್ಲಸ್ ಏಳು’ರ ವರ್ಗ 169. ವರ್ಗಮೂಲ 13 ಅಥವಾ ಮೈನಸ್ 13. ಉತ್ತರ ಒಂದೂವರೆ, ಇಲ್ಲವೇ ಮೈನಸ್ ಐದು. ನಡುವೆ ಒಂದೂ ಭಿನ್ನರಾಶಿ ಬರಲಿಲ್ಲ, ನೋಡಿದ್ರಾ?

ಇದನ್ನೇ ಎ, ಬಿ, ಸಿ ಇಟ್ಟು, ‘ಎ ಎಕ್ಸ್ ವರ್ಗ ಪ್ಲಸ್ ಬಿ ಎಕ್ಸ್ ಪ್ಲಸ್ ಸಿ ಅಂದರೆ ಸೊನ್ನೆ’ ಅಂತ ಬರೆದು ಮಾಡಿ. ನಾಲ್ಕು ಎ ಇಂದ ಗುಣಿಸಿದಾಗ ಸಿ ಜೊತೆ ‘ನಾಲ್ಕು ಎ ಸಿ’ ತಾನಾಗಿ ಬರುತ್ತದೆ. ‘ಎರಡು ಎ ಎಕ್ಸ್ ಪ್ಲಸ್ ಬಿ’ಯ ವರ್ಗ ಅಂದರೆ ಬಿ ವರ್ಗ ಮೈನಸ್ ನಾಲ್ಕು ಎ ಸಿ. ಇನ್ನೆರಡು ಹೆಜ್ಜೆಗೆ ಸೂತ್ರ ಸಿದ್ಧ. ಶಿಕ್ಷಕರಲ್ಲಿ ನನ್ನ ವಿನಂತಿ: ಬಾಯಿಪಾಠ ಮಾಡಿಸುವ ಮೊದಲು ಇದನ್ನೊಮ್ಮೆ ಬೋರ್ಡಿನ ಮೇಲೆ ಮಾಡಿಸಿ.

ಹಾಗಾದರೆ ಎಲ್ಲ ಲೆಕ್ಕಕ್ಕೂ ಸೂತ್ರ ಬೇಕಾ? ಬೇಡ. ಇಂಡಿ ಕಡೆ ಲಿಂಬೆ ತೋಟದ ಒಂದು ಆಯತಾಕಾರದ ತುಂಡಿಗೆ 100 ಮೀಟರ್ ತಂತಿಬೇಲಿ ಇದೆ ಅಂದುಕೊಳ್ಳಿ. ಉದ್ದ ಅಗಲ ಕೂಡಿದರೆ 50. ವಿಸ್ತೀರ್ಣ 600 ಚದರ ಮೀಟರ್ ಬೇಕಾದರೆ 20 ಮತ್ತು 30 ಅಂತ ಅಪವರ್ತನದಲ್ಲೇ ಹೊಳೆಯುತ್ತದೆ. 500 ಬೇಕಾದರೆ ಹೊಳೆಯುವುದಿಲ್ಲ. ಶೋಧಕವೂ, ಅಂದರೆ ವರ್ಗಮೂಲದ ಒಳಗಿನ ‘ಬಿ ವರ್ಗ ಮೈನಸ್ ನಾಲ್ಕು ಎ ಸಿ’ಯೂ, 500, ಪೂರ್ಣ ವರ್ಗವಲ್ಲ. ಅಲ್ಲಿ ಸೂತ್ರ ಹಿಡಿಯಿರಿ, ಸುಮಾರು 36.18 ಮತ್ತು 13.82 ಸಿಗುತ್ತದೆ. 700 ಬೇಕು ಅಂದರೆ? ಶೋಧಕ 2500ರಲ್ಲಿ 2800 ಕಳೆದು ಮೈನಸ್ 300. ಅಷ್ಟು ಬೇಲಿಯಲ್ಲಿ ಅಂಥ ಆಯತ ಇಲ್ಲವೇ ಇಲ್ಲ. ಶೋಧಕ ಸೊನ್ನೆ ಆಗುವುದು 625ಕ್ಕೆ. ಆಗ ನಾಲ್ಕೂ ಬದಿ 25 ಮೀಟರ್. ಅದಕ್ಕಿಂತ ಜಾಸ್ತಿ ಜಾಗವನ್ನು ಆಯತಾಕಾರದಲ್ಲಿ ಆ ತಂತಿ ಸುತ್ತಲಾರದು.