ಎಂಜಿನ್ ಚಾಲೂ ಮಾಡುವ ಮುನ್ನ ಹಾಕಬೇಕಾದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ. ಹೊಸೂರು, ಕೆಲಮಂಗಲ, ಡೆಂಕಣಿಕೋಟೆ, ಅತ್ತ ತಾಳವಾಡಿಯ ಕಡೆ ಕುಳಿತು ಕೇಳುತ್ತಿರುವ ಕನ್ನಡಿಗರಲ್ಲಿ ಪೈಲಟ್ ಲೈಸೆನ್ಸಿಗೆ ಓದುತ್ತಿರುವ ಮಕ್ಕಳಿದ್ದೀರಿ, ಅವರ ಫೀಸು ಕಟ್ಟುತ್ತಿರುವ ತಂದೆತಾಯಂದಿರೂ ಇದ್ದೀರಿ. ಇವತ್ತಿನ ಮಾತು ನಿಮಗೆ. ಹೇಳುವುದು ಒಂದೇ ವಿಷಯ: ಚಿಕ್ಕ ವಿಮಾನ ಏರುವ ಮುನ್ನ ರನ್‌ವೇ ಎಷ್ಟು ಉದ್ದವಿದೆ ಎಂದು ನೋಡಿದರೆ ಸಾಲದು, ಗಾಳಿ ಎಷ್ಟು ತೆಳುವಾಗಿದೆ ಎಂದು ಲೆಕ್ಕ ಹಾಕಬೇಕು. ಪೆನ್ಸಿಲ್ ಹಿಡಿದು, ಕಾಗದದ ಮೇಲೆ, ಪ್ರತಿ ಸಲವೂ.

ನಮ್ಮ ಹೊಸೂರು ತಂಪಾದ ಊರು ಎಂದು ಎಲ್ಲರಿಗೂ ಅಭಿಮಾನ. ಮಂಗಳೂರಿನಲ್ಲಿ ಬೆವರು ಒರೆಸಿಕೊಂಡವರು ಇಲ್ಲಿ ಬಂದು ಹಾಯೆನ್ನುತ್ತಾರೆ. ವಿಮಾನಕ್ಕೆ ಮಾತ್ರ ಇದು ಉಲ್ಟಾ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಇಲ್ಲಿನ ಗಾಳಿ ಮೊದಲೇ ತೆಳು. ಬಿಸಿಲು ಅದನ್ನು ಇನ್ನಷ್ಟು ತೆಳು ಮಾಡುತ್ತದೆ. ತೆಳು ಗಾಳಿಯಲ್ಲಿ ಎಂಜಿನ್ನಿಗೆ ಉಸಿರು ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಅಷ್ಟೇ ಭಾರ ಎತ್ತಲು ರೆಕ್ಕೆ ಇನ್ನೂ ಜೋರಾಗಿ ಓಡಬೇಕು. ಮೂರು ನಷ್ಟಗಳೂ ಒಟ್ಟಿಗೇ ಬೀಳುತ್ತವೆ.

ಈ ತೆಳುತನವನ್ನು ಅಳೆಯುವ ಸಂಖ್ಯೆಗೆ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ. ಬರೆದುಕೊಳ್ಳಿ. ಎತ್ತರ ತೋರಿಸುವ ಆಲ್ಟಿಮೀಟರಿನ ಚಿಕ್ಕ ಕಿಟಕಿಯಲ್ಲಿ 1013 ಹೆಕ್ಟೋಪಾಸ್ಕಲ್, ಎಂದರೆ ಸಮುದ್ರಮಟ್ಟದ ಪ್ರಮಾಣಿತ ಗಾಳಿಯೊತ್ತಡ, ಬರುವಂತೆ ತಿರುಗಿಸಿ. ಮುಳ್ಳು ತೋರಿಸುವುದು ಪ್ರೆಷರ್ ಆಲ್ಟಿಟ್ಯೂಡ್. ಹೊಸೂರಿಗೆ 3,000 ಎಂದಿಟ್ಟುಕೊಳ್ಳೋಣ. ಸಮುದ್ರಮಟ್ಟದಲ್ಲಿ ಪ್ರಮಾಣಿತ ತಾಪಮಾನ 15 ಡಿಗ್ರಿ, ಪ್ರತಿ 1,000 ಅಡಿಗೆ 2 ಡಿಗ್ರಿ ಇಳಿಯುತ್ತದೆ. ಅಂದರೆ 3,000 ಅಡಿಗೆ 9 ಡಿಗ್ರಿ. ಹೊರಗೆ ಈಗ 30 ಡಿಗ್ರಿ ಇದ್ದರೆ ವ್ಯತ್ಯಾಸ 21. ಅದನ್ನು ಡಿಗ್ರಿಗೆ 120 ಅಡಿಯಂತೆ ಗುಣಿಸಿದರೆ 2,520. ಮೊದಲಿನ 3,000ಕ್ಕೆ ಕೂಡಿಸಿ: 5,520 ಅಡಿ. ನೀವು ನಿಂತಿರುವುದು ಹೊಸೂರಿನಲ್ಲಿ, ನಿಮ್ಮ ವಿಮಾನ ನಿಂತಿರುವುದು ಐದೂವರೆ ಸಾವಿರ ಅಡಿ ಎತ್ತರದಲ್ಲಿ.

ಇದೇ ಲೆಕ್ಕವನ್ನು ಮಂಗಳೂರಿನ ಬಜ್ಪೆಗೆ ಹಾಕಿ. ಅಲ್ಲಿ ಎತ್ತರ 340 ಅಡಿಯ ಆಸುಪಾಸು. ಸುಡುವ 33 ಡಿಗ್ರಿಯಲ್ಲೂ ಉತ್ತರ ಸುಮಾರು 2,600. ಹೊಸೂರಿನ ಜನವರಿ ಬೆಳಗ್ಗೆ, ಸ್ವೆಟರ್ ಹಾಕಿಕೊಳ್ಳುವ 16 ಡಿಗ್ರಿಗೆ ಲೆಕ್ಕ ಮಾಡಿ: 3,840. ಕರಾವಳಿಯ ಕಡುಬೇಸಿಗೆಗಿಂತ ನಮ್ಮ ಚಳಿಗಾಲ ವಿಮಾನಕ್ಕೆ ಕಷ್ಟ. ಮೈಗೆ ಹಿತವಾಯಿತೆಂದು ವಿಮಾನಕ್ಕೂ ಹಿತ ಎಂದುಕೊಳ್ಳಬೇಡಿ. ಲೆಕ್ಕ ಹಾಕಿ.

ಹಾಕದಿದ್ದರೆ ಏನಾಗುತ್ತದೆ? ಅಮೆರಿಕದ ಐಡಾಹೊ ರಾಜ್ಯದ ಒಂದು ಘಟನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಪಾಠವೆಲ್ಲ ಅದರಲ್ಲೇ ಇದೆ. 2012ರ ಜೂನ್ 30. ಬ್ರೂಸ್ ಮೆಡೋಸ್ ಎಂಬ ಕಾಡಿನ ನಡುವಿನ ಏರ್‌ಸ್ಟ್ರಿಪ್. ಸ್ಟಿನ್ಸನ್ 108-3 ಎಂಬ ಹಳೆಯ ನಾಲ್ಕು ಸೀಟಿನ ವಿಮಾನ, ನಾಲ್ಕೂ ಸೀಟು ಭರ್ತಿ. ಜಾಗದ ಎತ್ತರವೇ ಸುಮಾರು 6,400 ಅಡಿ, ತಾಪಮಾನ 27 ಡಿಗ್ರಿಯ ಹತ್ತಿರ. ಈಗ ನೀವೇ ಗುಣಿಸಿ. ಆ ಎತ್ತರಕ್ಕೆ ಪ್ರಮಾಣಿತ ತಾಪಮಾನ ಬರೀ 2 ಡಿಗ್ರಿ. ವ್ಯತ್ಯಾಸ 25, ಗುಣಿಸಿದರೆ 3,000. ಡೆನ್ಸಿಟಿ ಆಲ್ಟಿಟ್ಯೂಡ್ 9,000 ದಾಟಿತು.

ಒಳಗಿದ್ದ ಕ್ಯಾಮೆರಾ ಎಲ್ಲವನ್ನೂ ಚಿತ್ರೀಕರಿಸಿತು, ಆ ವಿಡಿಯೋ ಇಂದಿಗೂ ನೋಡಸಿಗುತ್ತದೆ. ವಿಮಾನ ಓಡುತ್ತದೆ, ಓಡುತ್ತಲೇ ಇರುತ್ತದೆ. ನೆಲ ಬಿಡುತ್ತದೆ, ಮತ್ತೆ ನೆಲಕ್ಕೆ ತಾಗುತ್ತದೆ. ಕೊನೆಗೂ ಗಾಳಿಗೇರುತ್ತದೆ, ಆದರೆ ಮೇಲೇರುವುದಿಲ್ಲ. ಮರಗಳ ನೆತ್ತಿಯ ಮಟ್ಟದಲ್ಲೇ ತೇಲಿಕೊಂಡು ಹೋಗಿ, ಆಮೇಲೆ ಕುಸಿಯುತ್ತಾ ಕಾಡಿನೊಳಗೆ ಬೀಳುತ್ತದೆ. ನಾಲ್ವರೂ ಬದುಕುಳಿದರು, ಪೈಲಟ್‌ಗೆ ತೀವ್ರ ಗಾಯವಾಯಿತು.

ಗಮನಿಸಿ, ರನ್‌ವೇ ಸಾಕಾಗಲಿಲ್ಲ ಎಂದು ಬಿದ್ದ ವಿಮಾನವಲ್ಲ ಇದು. ಚಕ್ರ ನೆಲ ಬಿಟ್ಟಿತ್ತು! ನೆಲಕ್ಕೆ ಹತ್ತಿರ, ರೆಕ್ಕೆಯ ತುದಿಯಿಂದ ತುದಿಗಿರುವ ಉದ್ದದಷ್ಟು ಎತ್ತರದೊಳಗೆ, ಎಳೆತ ಕಡಿಮೆ. ಅದನ್ನು ಗ್ರೌಂಡ್ ಎಫೆಕ್ಟ್ ಎನ್ನುತ್ತಾರೆ. ಆ ಪದರದಲ್ಲಿ ಹಾರುವ ವಿಮಾನ ಅದನ್ನು ದಾಟಿ ಮೇಲೆ ಹೋಗಬಲ್ಲದು ಎಂಬ ಖಾತ್ರಿ ಇಲ್ಲ. ಇನ್ನೊಂದು ಮೋಸವಿದೆ. ತೆಳು ಗಾಳಿಯಲ್ಲಿ ವೇಗದ ಮೀಟರ್ 55 ನಾಟ್, ಎಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್, ತೋರಿಸುವಾಗ, ಐದೂವರೆ ಸಾವಿರ ಅಡಿಯ ಲೆಕ್ಕಕ್ಕೆ ನಿಜವಾದ ವೇಗ 60ರ ಹತ್ತಿರ. ನೆಲ ಸರಸರನೆ ಹಿಂದೆ ಹೋಗುವುದು ಕಂಡು, ವೇಗ ಬಂತು ಎಂದು ಮೊದಲೇ ಮೂತಿ ಎತ್ತಿಬಿಡುತ್ತಾರೆ. ಮೀಟರ್ ನೋಡಿ, ನೆಲ ನೋಡಬೇಡಿ.

ಈಗ ವಿಮಾನದ ಕೈಪಿಡಿ ತೆರೆಯಿರಿ. ಸೆಸ್ನಾ 172 ಎಸ್ ಮಾದರಿಯನ್ನೇ ತೆಗೆದುಕೊಳ್ಳೋಣ. ಏರಲು ಅನುಮತಿ ಇರುವ ಗರಿಷ್ಠ ತೂಕ 2,550 ಪೌಂಡ್, ಎಂದರೆ 1,157 ಕಿಲೋ. ರೆಕ್ಕೆಯ ಹಿಂಬದಿಯ ಫ್ಲಾಪ್ 10 ಡಿಗ್ರಿ ಇಳಿಸಿದೆ, ಗಾಳಿ ಬೀಸುತ್ತಿಲ್ಲ, ಒಣಗಿದ ಟಾರು ರನ್‌ವೇ. ಸಮುದ್ರಮಟ್ಟದಲ್ಲಿ 20 ಡಿಗ್ರಿಗೆ ನೆಲದ ಓಟ 995 ಅಡಿ, 50 ಅಡಿ ಎತ್ತರದ ಅಡೆತಡೆ ದಾಟಲು ಒಟ್ಟು 1,690. ಅದೇ ವಿಮಾನಕ್ಕೆ 3,000 ಅಡಿಯಲ್ಲಿ 30 ಡಿಗ್ರಿಗೆ 1,410 ಮತ್ತು 2,420. ಎರಡನೆಯ ಸಂಖ್ಯೆಯನ್ನೇ ಹಿಡಿಯಿರಿ. ರನ್‌ವೇ ಆಚೆ ತೆಂಗಿನ ತೋಟ, ಕರೆಂಟು ಕಂಬ ಇದ್ದೇ ಇರುತ್ತವೆ.

ಗಾಳಿ ಹಿಂದಿನಿಂದ ಬೀಸಿದರೆ ಪ್ರತಿ 2 ನಾಟ್‌ಗೆ ದೂರ 10 ಶೇಕಡಾ ಹೆಚ್ಚು. ಎದುರಿನಿಂದ ಬೀಸಿದರೆ 10 ಶೇಕಡಾ ಕಡಿಮೆಯಾಗಲು 9 ನಾಟ್ ಬೇಕು. 4 ನಾಟ್ ಹಿಂಗಾಳಿ, ಬಾವುಟ ಅಲ್ಲಾಡುವಷ್ಟು ಗಾಳಿ ಅದು, 2,420ನ್ನು 2,904 ಮಾಡುತ್ತದೆ. ಕೈಪಿಡಿಯ ಅಂಕಿಗಳು ಹೊಸ ವಿಮಾನ, ಪಳಗಿದ ಪೈಲಟ್ ಇದ್ದಾಗ ಸಿಕ್ಕವು. ನಿಮ್ಮದು ಹಳೆಯ ಎಂಜಿನ್, ಸವೆದ ಪ್ರೊಪೆಲ್ಲರ್. ಅದಕ್ಕೆ ಕೊನೆಯಲ್ಲಿ 1.33ರಿಂದ ಗುಣಿಸಿ: 3,860 ಅಡಿ. ಹೊಸೂರು ಬಳಿಯ ಬೆಳಗೊಂಡಪಲ್ಲಿಯ ಉದ್ದದ ರನ್‌ವೇಗೆ ಇದು ಲೆಕ್ಕಕ್ಕಿಲ್ಲ. 3,000 ಅಡಿಯ ಚಿಕ್ಕ ರನ್‌ವೇಯಲ್ಲಿ ಇದೇ ವಿಮಾನ, ಇದೇ ಮಧ್ಯಾಹ್ನ, ಹೋಗಲೇಬಾರದು.

ತೂಕದ ವಿಷಯ. ಇದೇ ಸೆಸ್ನಾ ಖಾಲಿಯಿದ್ದಾಗ 760 ಕಿಲೋ ಎನ್ನಿ. 75 ಕಿಲೋದ ನಾಲ್ವರು, 300. ಟ್ಯಾಂಕ್ ಭರ್ತಿ 200 ಲೀಟರ್, ಲೀಟರಿಗೆ 0.72ರಂತೆ 144. ಒಟ್ಟು 1,204. ಮಿತಿಗಿಂತ 47 ಕಿಲೋ ಹೆಚ್ಚು, ಇನ್ನೂ ಒಂದು ಬ್ಯಾಗೂ ಇಟ್ಟಿಲ್ಲ. ನಾಲ್ಕು ಸೀಟಿದೆ ಎಂದು ನಾಲ್ವರನ್ನು ಕೂರಿಸಿ ಟ್ಯಾಂಕ್ ತುಂಬಿಸುವವರಿಗೆ ಇದನ್ನು ಎಷ್ಟು ಸಲ ಹೇಳಬೇಕೋ! 66 ಲೀಟರ್ ಇಳಿಸಿ, ಇಲ್ಲವೇ ಒಬ್ಬರನ್ನು ಇಳಿಸಿ. ತೂಕ 10 ಶೇಕಡಾ ಏರಿದರೆ ಟೇಕಾಫ್ ದೂರ 20 ಶೇಕಡಾ ಏರುತ್ತದೆ.

ಎಂಜಿನ್ ವಿಚಾರದಲ್ಲಿ, 3,000 ಅಡಿಗಿಂತ ಮೇಲಿನ ಜಾಗದಿಂದ ಏರುವಾಗ ಬ್ರೇಕ್ ಹಿಡಿದು ಪೂರ್ತಿ ಥ್ರಾಟಲ್ ಕೊಟ್ಟು, ಆರ್‌ಪಿಎಂ ಅತಿ ಹೆಚ್ಚು ಬರುವವರೆಗೆ ಮಿಕ್ಸ್ಚರ್, ಎಂದರೆ ಗಾಳಿಗೆ ಬೆರೆಯುವ ಪೆಟ್ರೋಲ್ ಪ್ರಮಾಣದ ಹಿಡಿ, ಹಿಂದಕ್ಕೆಳೆಯಿರಿ. ಪೂರ್ತಿ ರಿಚ್ ಇಟ್ಟರೆ ತೆಳು ಗಾಳಿಗೆ ಪೆಟ್ರೋಲ್ ಅತಿಯಾಗಿ, ಉಳಿದ ಶಕ್ತಿಯೂ ಹೋಗುತ್ತದೆ. ರನ್‌ವೇಯ ಅರ್ಧದಲ್ಲಿ ಒಂದು ಗುರುತು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲ್ಲಿಗೆ ಮೂತಿ ಎತ್ತುವ ವೇಗದ 70 ಶೇಕಡಾ, 55ಕ್ಕೆ 38 ಅಥವಾ 39 ನಾಟ್, ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ. ಯೋಚನೆ ಬೇಡ.

ಲ್ಯಾಂಡಿಂಗಿಗೆ ಸಮಯ ಕಡಿಮೆ ಉಳಿಯಿತು, ಚುಟುಕಾಗಿ ಹೇಳುತ್ತೇನೆ. ಕೈಪಿಡಿಯ ಲ್ಯಾಂಡಿಂಗ್ ದೂರಕ್ಕೆ ಮಳೆಗೆ ನೆನೆದ ಟಾರಿಗೆ 15 ಶೇಕಡಾ, ನೆನೆದ ಹುಲ್ಲಿಗೆ 35 ಶೇಕಡಾ ಕೂಡಿಸಿ, ಕೊನೆಗೆ 1.43ರಿಂದ ಗುಣಿಸಿ. ಬೇಕಾದ್ದಕ್ಕಿಂತ 10 ಶೇಕಡಾ ಜೋರಾಗಿ ಬಂದರೆ ನೆಲದ ಓಟ 21 ಶೇಕಡಾ ಬೆಳೆಯುತ್ತದೆ. ಚಿಕ್ಕ ವಿಮಾನಗಳು ಏರಲಾಗದ ಜಾಗದಲ್ಲೂ ಸುಲಭವಾಗಿ ಇಳಿದುಬಿಡುತ್ತವೆ. ಹಾಗಾಗಿ ಹೊಸ ಏರ್‌ಸ್ಟ್ರಿಪ್‌ಗೆ ಹೊರಡುವ ಮುನ್ನವೇ, ಇಲ್ಲೇ ಕುಳಿತು, ಅಲ್ಲಿಂದ ಮಧ್ಯಾಹ್ನದ ಬಿಸಿಲಲ್ಲಿ ವಾಪಸ್ ಏರುವ ಲೆಕ್ಕವನ್ನೂ ಹಾಕಿಕೊಂಡು ಹೊರಡಿ. ನಮಸ್ಕಾರ.