ಜೇಡ ತೋಡಿದ ಬಿಲದಲ್ಲೇ ಬದುಕು: ಪಿಗ್ಮಿ ಬ್ಲೂಟಂಗ್ ಹಾವುರಾಣಿ

[ದೃಶ್ಯ: ಒಣಹುಲ್ಲಿನ ಬೋಳುಗುಡ್ಡ, ದೂರದಲ್ಲಿ ಕುರಿಹಿಂಡು]

1992. ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಪಟ್ಟಣದ ಹತ್ತಿರ ಸತ್ತುಬಿದ್ದಿದ್ದ ಕಂದು ಹಾವಿನ ಹೊಟ್ಟೆಯಲ್ಲಿ ಒಂದು ಪುಟ್ಟ ಹಾವುರಾಣಿ ಸಿಕ್ಕಿತು. 1959ರಿಂದೀಚೆಗೆ ಯಾರ ಕಣ್ಣಿಗೂ ಬೀಳದೆ, ಅಳಿದೇ ಹೋಯಿತೆಂದು ಭಾವಿಸಿದ್ದ ಪಿಗ್ಮಿ ಬ್ಲೂಟಂಗ್ ಅದು! ಆಮೇಲೆ ಸುತ್ತಲಿನ ಹುಲ್ಲುಗಾವಲಿನಲ್ಲಿ ಹುಡುಕಿದಾಗ ಜೀವಂತವಾಗಿಯೇ ಸಿಕ್ಕವು.

ನಮ್ಮ ಹಿತ್ತಲಿನ ತರಗೆಲೆಯಡಿ ಸರಿದಾಡುವ ಹಾವುರಾಣಿಯ ದೂರದ ನೆಂಟ ಇದು. ಮೂತಿಯಿಂದ ಬಾಲದ ಬುಡಕ್ಕೆ ಸುಮಾರು 9 ಸೆಂ.ಮೀ. ಬೇರೆ ಬ್ಲೂಟಂಗ್‌ಗಳಂತೆ ನಾಲಿಗೆ ನೀಲಿಯಲ್ಲ, ಗುಲಾಬಿ.

[ದೃಶ್ಯ: ಬಿಲದ ಬಾಯಲ್ಲಿ ಇಣುಕುವ ತಲೆ]

ಅಷ್ಟು ವರ್ಷ ಕಾಣದೇ ಇದ್ದದ್ದು ಯಾಕೆ? ದಿನದ ಬಹುಪಾಲು ಬಿಲದೊಳಗೇ ಇರುತ್ತದೆ. ಆ ಬಿಲವನ್ನೂ ತಾನು ತೋಡುವುದಿಲ್ಲ. ತೋಳಜೇಡ ಅಥವಾ ಬಾಗಿಲುಜೇಡ ತೋಡಿ ಬಿಟ್ಟ ಬಿಲವನ್ನೇ ಸೇರಿಕೊಳ್ಳುತ್ತದೆ. ಬಿಲ ಆಳವಾಗಿರಬೇಕು, ಬಾಯಿ ತಲೆ ತೂರುವಷ್ಟೇ ಇಕ್ಕಟ್ಟಾಗಿರಬೇಕು. ಬಾಯಲ್ಲೇ ಕೂತು ಬಿಸಿಲು ಕಾಯುತ್ತದೆ, ಮಿಡತೆ ಹತ್ತಿರ ಬಂದರೆ ಚಿಮ್ಮಿ ಹಿಡಿದು ಮತ್ತೆ ಒಳಕ್ಕೆ. ವಸಂತದಲ್ಲಿ ಗಂಡುಗಳು ಹೆಣ್ಣನ್ನು ಹುಡುಕಿ ಹೊರಡುತ್ತವೆ. ಹಕ್ಕಿ, ಹಾವುಗಳಿಗೆ ಸುಲಭವಾಗಿ ಸಿಗುವುದು ಆಗಲೇ. ಮೊಟ್ಟೆಯಿಲ್ಲ, ಬೇಸಿಗೆಯ ಕೊನೆಗೆ ತಾಯಿ ಬಿಲದಲ್ಲೇ ಮರಿ ಹಾಕುತ್ತದೆ.

ಹಾಗಾಗಿ ಜೇಡ ಉಳಿಯದೆ ಇದು ಉಳಿಯುವುದಿಲ್ಲ. ನೇಗಿಲು ಒಮ್ಮೆ ಹಾದರೂ ಬಿಲಗಳೆಲ್ಲ ಕುಸಿಯುತ್ತವೆ, ಜೇಡಗಳೂ ಸಾಯುತ್ತವೆ. ಇಂದು ಇವು ಇರುವುದು ಹೆಚ್ಚಾಗಿ ಉಳುಮೆ ಕಾಣದ ಖಾಸಗಿ ಕುರಿಗಾವಲುಗಳಲ್ಲಿ. ಹಾಗೆಂದು ಬೇಲಿ ಹಾಕಿ ಕುರಿಗಳನ್ನು ಪೂರ್ತಿ ಹೊರಗಿಡುವುದೂ ತಪ್ಪು, ಇದನ್ನು ಒತ್ತಿ ಹೇಳಬೇಕು. ಮೇಯದೆ ಬಿಟ್ಟರೆ ಹುಲ್ಲು, ಕಳೆ ದಟ್ಟವಾಗಿ ಬಿಲದ ಬಾಯಿಗೆ ಬಿಸಿಲು ಬೀಳುವುದಿಲ್ಲ, ಬರುವ ಮಿಡತೆಯೂ ಕಾಣುವುದಿಲ್ಲ. ಅತಿಯಾಗಿ ಮೇಯಿಸಿದರೆ ಗೊರಸಿಗೆ ಸಿಕ್ಕಿ ಬಿಲ ಮುಚ್ಚಿಹೋಗುತ್ತದೆ. ಹದವಾಗಿ ಮೇಯಿಸುವುದೇ ಸರಿ.

[ದೃಶ್ಯ: ನೆಲಕ್ಕೆ ಇಳಿಸುತ್ತಿರುವ ಮರದ ಕೊಳವೆ]

ಬಿಲ ಸಾಲದ ಕಡೆ ಕೃತಕ ಬಿಲ ಹೂಳುತ್ತಾರೆ. 30 ಸೆಂ.ಮೀ. ಉದ್ದದ ಮರದ ತುಂಡು, ನಡುವೆ ಉದ್ದಕ್ಕೂ 2 ಸೆಂ.ಮೀ. ಅಗಲದ ತೂತು. ಅದನ್ನು ಬಾಯಿ ನೆಲಮಟ್ಟಕ್ಕೆ ಬರುವಂತೆ ನೆಟ್ಟಗೆ ಇಳಿಸಬೇಕು. ಹಾವುರಾಣಿಗಳು ಇದನ್ನು ಒಪ್ಪಿಕೊಂಡು ವಾಸಮಾಡುತ್ತವೆ. ಒಳಗೆ ಯಾರಿದ್ದಾರೆಂದು ನೋಡಲು ತೆಳು ತಂತಿಯಂಥ ಕ್ಯಾಮೆರಾ ಇಳಿಸಿದರೆ ಸಾಕು, ಅಗೆಯಬೇಕಿಲ್ಲ.

ಈಗಿನ ದೊಡ್ಡ ಚಿಂತೆ ತಾಪಮಾನ. ಉತ್ತರದ ನೆಲೆಗಳು ಇನ್ನಷ್ಟು ಬಿಸಿಯಾಗಿ ಒಣಗುವ ಭಯವಿರುವುದರಿಂದ, ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವನ್ನು ದಕ್ಷಿಣದ ತಂಪು ಜಾಗಗಳಿಗೆ ಒಯ್ದು ಪರೀಕ್ಷಿಸುತ್ತಿದ್ದಾರೆ. ತಂದು ಸುಮ್ಮನೆ ಬಿಟ್ಟರೆ ಹೊಸ ಜಾಗದಲ್ಲಿ ನಿಲ್ಲದೆ ಅಲೆದು ಬೇಟೆಯಾಗುತ್ತವೆ. ಅದಕ್ಕೇ ಮೊದಲು ಕೊಳವೆ ಹೂತ ಆವರಣದೊಳಗೆ ಬಿಡುವುದು, ಶುರುವಿನಲ್ಲಿ ಆಹಾರವನ್ನೂ ಒದಗಿಸುವುದು ಒಳ್ಳೆಯದು. ಹೊಟ್ಟೆ ತುಂಬಿದ್ದರೆ ಬಿಲ ಬಿಟ್ಟು ಅಲೆಯುವುದು ಕಡಿಮೆ.